ಹಾಜರಾಬಿಯ ಕೈ ಹಾಕಿದ ಗಂಟು

ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಹರಿಯದಂತೆ ಸುತ್ತುವುದರಲ್ಲಿ ಹಾಜರಾಬಿಯನ್ನು ಮೀರಿಸುವವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಇನ್ನೂ ಯಾರೂ ಹುಟ್ಟಿರಲಿಲ್ಲ. ಈ ಮಾತನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಅದೂ ಸ್ವಲ್ಪವೂ ಸಂಕೋಚವಿಲ್ಲದೆ. ಐವತ್ಮೂರು ವಯಸ್ಸಾಗಿದ್ದರೂ ಚಷ್ಮಾ ಹಣೆಗೇರಿಸಿಕೊಂಡು, ಬರೀ ಬೆರಳ ತುದಿಯಿಂದ ತಂತಿಯ ಬಿಗಿ ಸರಿಯೋ ತಪ್ಪೋ ಹೇಳಿಬಿಡುತ್ತಿದ್ದಳು. ಸೊಕ್ಕಿನ ಹೆಂಗಸು ಅನ್ನುವವರು ಅನ್ನಲಿ, ಕೈಯಲ್ಲಿ ಕಸುಬಿದ್ದವರಿಗೆ ಅಷ್ಟು ಸೊಕ್ಕು ಒಪ್ಪುತ್ತದೆ.

ಕಸುಬು ತಂದೆಯಿಂದ ಬಂದದ್ದು. ಮಕಬೂಲಸಾಬರು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದರು. ಮುಗದ, ಉಪ್ಪಿನಬೆಟಗೇರಿ ಕಡೆಯ ರೈತರು ಸುಟ್ಟ ಮೋಟಾರನ್ನು ಹೇರಿಕೊಂಡು ಬಂದು ಅಂಗಡಿಯ ಮುಂದೆಯೇ ಕೂತುಬಿಡುವರು. ಹೊಲದಲ್ಲಿ ಪೈರು ಬಾಡುತ್ತಿರುವಾಗ ಅವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಸುತ್ತುವಾಗ ತಂತಿ ಹರಿದರೆ ಮಕಬೂಲಸಾಬರು ಎರಡೂ ತುದಿ ಕೆರೆದು, ಹೊಸೆದು, ಬೆಸುಗೆ ತಾಗಿಸಿ ಮುಂದೆ ಸಾಗುವರು. ಏಳು ವರ್ಷದ ಹಾಜರಾಬಿ ಕಲಿತ ಮೊದಲ ಕೆಲಸವೇ ಆ ಗಂಟು. ಹಾಕುವಾಗ ಬೆರಳಿನ ಕಡೆ ನೋಡಿದರೆ ಅಪ್ಪ ಛೇಡಿಸುತ್ತಿದ್ದರು.

ಆದರೆ ಸಣ್ಣ ಕಾರ್ಖಾನೆ ನಡೆಸುವ ಕುಮಾರಸ್ವಾಮಿಯವರ ಶೆಡ್ಡಿನಲ್ಲಿ ನಾಲ್ಕು ವರ್ಷಗಳಿಂದ ಅವಳು ಸುತ್ತುತ್ತಿದ್ದುದು ವಿಮಾನದ ಸುರುಳಿಗಳನ್ನು. ವಿಮಾನದ ರೆಕ್ಕೆಗೂ ಬಾಲಕ್ಕೂ ಮೇಲೆ ಕೆಳಗೆ ಆಡುವ ಹಲಗೆಗಳಿರುತ್ತವೆ. ಅವನ್ನು ಆಡಿಸಲು ಒಂದೊಂದು ದಂಡ. ಆ ದಂಡ ಈ ಕ್ಷಣ ಎಷ್ಟು ಹೊರಗೆ ಬಂದಿದೆ, ಎಷ್ಟು ಒಳಗಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಬೆರಳುದ್ದದ ಸೆನ್ಸರ್. ಅದರ ಜೀವವೆಲ್ಲ ಅವಳು ಸುತ್ತಿದ ಸುರುಳಿಗಳಲ್ಲಿ. ಸುತ್ತುವುದು ಅವಳೊಬ್ಬಳ ಕೆಲಸ, ಅಂಟು ಹಚ್ಚಿ ಜೋಡಿಸುವುದು ಶೆಡ್ಡಿನ ಉಳಿದವರ ಪಾಲು. ದಂಡ ನಟ್ಟನಡುವೆ ಇದ್ದಾಗ ಎಡಬಲದ ಸುರುಳಿಗಳು ಸರಿಸಮ ತೂಗಿ ಸೊನ್ನೆ ತೋರಿಸಬೇಕು. ಹೀಗಾಗಿ ಇಲ್ಲಿ ತಂತಿ ಹರಿದರೆ ಗಂಟು ಹಾಕುವಂತಿಲ್ಲ, ಸುರುಳಿಯನ್ನೇ ಕೆಂಪು ಡಬ್ಬಿಗೆ ಎಸೆಯಬೇಕು. ಗಂಟಿದ್ದರೂ ಮೇಜಿನ ಮೇಲೆ ಪರೀಕ್ಷೆ ಪಾಸಾಗುತ್ತದೆ. ಆಕಾಶದಲ್ಲಿ ಚಳಿ, ನಡುಕ ತಾಗಿದಾಗ ಬಿಟ್ಟುಕೊಂಡು, ದಂಡ ಇರುವ ಜಾಗವನ್ನೇ ಸುಳ್ಳು ಹೇಳುತ್ತದೆ. ಕೆಲಸಕ್ಕೆ ಸೇರಿದ ದಿನವೇ ತಪಾಸಣೆಯ ಉಮಾಶ್ರೀ ಇದನ್ನೆಲ್ಲ ತಿಳಿಸಿ ಅವಳ ಸಹಿ ಹಾಕಿಸಿಕೊಂಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಹಾಜರಾಬಿ ಮನೆಯಲ್ಲಿ ಮಗಳು ನಿಶಾತಳ ಕುರ್ತಾಕ್ಕೆ ಅಂಚು ಹೊಲಿಯುತ್ತ ಕೂತಿದ್ದಳು. ಮಾತಿನ ನಡುವೆ ದಾರ ಹರಿಯಿತು. ಮಾತು ನಿಲ್ಲಲಿಲ್ಲ. ಕೆಳಗೆ ನೋಡುವಷ್ಟರಲ್ಲಿ ಎರಡು ತುದಿಗಳು ಹೊಸೆದು ಒಂದಾಗಿದ್ದವು.

ಅವಳು ಸೂಜಿ ಕೆಳಗಿಟ್ಟಳು. ಮಂಗಳವಾರ ಶೆಡ್ಡಿನಲ್ಲಿಯೂ ಹೀಗೇ ಆಗಿತ್ತು. ಪಕ್ಕದವಳೊಡನೆ ಮಾತು, ಬೆರಳಿಗೆ ಸಡಿಲಾದ ತಂತಿ, ಉಗುರಿನ ಕೆರೆತ, ಬೆಸುಗೆಯ ಸಣ್ಣ ಹೊಗೆ. ಕೆಂಪು ಡಬ್ಬಿಗೆ ಏನೂ ಬಿದ್ದಿರಲಿಲ್ಲ.

"ಯಾಕಬೇ, ಮುಖ ಹಿಂಗ್ಯಾಕಾತು?" ಎಂದಳು ನಿಶಾತ.

"ಏನಿಲ್ಲ. ದಾರ ಹರೀತು," ಎಂದಳು.

ಆಮೇಲಿನ ಮೂರು ದಿನ ಅವಳು ಅವಳಾಗಿ ಉಳಿಯಲಿಲ್ಲ. ಊರಿಗೆ ಇಳಿಯುವ ವಿಮಾನ ಮಾಳಿಗೆಯ ಮೇಲೆ ಹಾದರೆ ಸಪ್ಪಳ ಅಡಗುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದಳು. ಸಾರಿಗೆ ಉಪ್ಪು ಹಾಕಿ, ಹಾಕಿದ್ದೇನೋ ಇಲ್ಲವೋ ಎಂದು ಕೈಯನ್ನೇ ನೋಡುತ್ತ ನಿಲ್ಲುವಳು. ಮಕಬೂಲಸಾಬರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆದರೂ ಸುತ್ತಲು ಕೂತರೆ ಬೆನ್ನ ಹಿಂದೆ ಯಾರೋ ತಂತಿ ಕೆರೆದ ಹಾಗೆ ಕೇಳಿಸುತ್ತಿತ್ತು. ತಿರುಗಿ ನೋಡಲು ಅವಳಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಹೇಳಿದರೆ ಆರ್ಡರು ಹೋಗುತ್ತದೆ, ಅದರ ಬೆನ್ನಿಗೆ ಶೆಡ್ಡಿನ ಹದಿನಾಲ್ಕು ಹೆಣ್ಣುಮಕ್ಕಳ ಕೆಲಸವೂ ಹೋಗುತ್ತದೆ. ಹೇಳದಿದ್ದರೆ?

ಗುರುವಾರ ಬೆಳಿಗ್ಗೆ ಕುಮಾರಸ್ವಾಮಿಯವರ ಮೇಜಿನ ಮುಂದೆ ಹೋಗಿ ನಿಂತಳು.

"ಸರ, ಹೋದ ಲಾಟಿನ್ಯಾಗ ಒಂದಕ್ಕ ಗಂಟು ಹಾಕೇನಿ. ಬೇಕಂತ ಮಾಡಿಲ್ರಿ. ಕೈ ಮಾಡ್ಯದ."

ಕುಮಾರಸ್ವಾಮಿ ಬೈಯುವ ಮನುಷ್ಯರಲ್ಲ. ಫೋನು ಎತ್ತಿ, ಸೆನ್ಸರು ಕೊಂಡ ಕಂಪನಿಗೆ ಹಚ್ಚಿದರು. ಪುಣ್ಯಕ್ಕೆ ಆ ಲಾಟಿನ ನಲವತ್ತು ಸೆನ್ಸರುಗಳು ಇನ್ನೂ ಕಂಪನಿಯ ಗೋದಾಮಿನಲ್ಲೇ ಇದ್ದವು. ಒಂದೂ ಹಾರಿರಲಿಲ್ಲ. ವಾರದೊಳಗೆ ನಲವತ್ತೂ ತಿರುಗಿ ಬಂದವು.

ಬಿಚ್ಚುವ ಕೆಲಸವನ್ನು ಹಾಜರಾಬಿಯೇ ಕೇಳಿ ಪಡೆದಳು. ಅಂಟು ಕರಗಿಸಿ, ತಂತಿಯನ್ನು ಎಳೆ ಎಳೆಯಾಗಿ ಬಿಚ್ಚುವುದು ಅವಳ ಪಾಲು. ಭೂತಗನ್ನಡಿಯಲ್ಲಿ ನೋಡುವುದು ಉಮಾಶ್ರೀಯ ಪಾಲು. ಮೂರನೆಯ ಸೆನ್ಸರಿನಲ್ಲಿ ಅದು ಸಿಕ್ಕಿತು. ಸಾಸಿವೆಯ ಕಾಲುಭಾಗದಷ್ಟೂ ಇಲ್ಲದ, ಎಷ್ಟು ಅಚ್ಚುಕಟ್ಟಾದ ಗಂಟು ಅಂತೀರಿ! ಹಾಜರಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ಕುಮಾರಸ್ವಾಮಿ ಎಲ್ಲರಿಗೂ ಚಹಾ ತರಿಸಿದರು.

"ಸಿಕ್ತಲ್ರಿ ಆಪಾ, ಇನ್ನ ಸಮಾಧಾನ ಮಾಡ್ಕೋರಿ," ಎಂದಳು ಉಮಾಶ್ರೀ. "ಆದ್ರ ನಿಯಮ ಅಂದ್ರ ನಿಯಮ. ಉಳಿದಾವೂ ಬಿಚ್ಚಬೇಕಾಗ್ತದ."

ಬಿಚ್ಚಿದರು. ಇಪ್ಪತ್ತಾರನೆಯದರಲ್ಲಿ ಉಮಾಶ್ರೀ ಭೂತಗನ್ನಡಿಯಿಂದ ಬೇಗ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಹಾಜರಾಬಿ ಬಾಗಿ ನೋಡಿದಳು. ಅದೇ ಗಂಟು. ಅದೇ ಕೈ.

"ಇದು ಯಾವಾಗ ಹಾಕಿದ್ದು?" ಎಂದು ಕೇಳಿದರು ಕುಮಾರಸ್ವಾಮಿ.

"ಗೊತ್ತಿಲ್ರಿ."

"ನೆನಪ ಮಾಡ್ಕೋರಿ."

"ನೆನಪ ಇಲ್ರಿ, ಸರ. ಒಂದ ಅಂತಿದ್ದೆ ನಾನು. ಖರೇನ ಒಂದ ಅಂತ ತಿಳಿದಿದ್ದೆ."

ಅವಳು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟು, ಅವು ಪರರ ಮನೆಯವು ಎಂಬಂತೆ ದೂರ ಸರಿಸಿದಳು. ಈ ಕೈಗಳು ನಾಲ್ಕು ವರ್ಷ ಏನೇನು ಮಾಡಿವೆಯೋ, ಕೇಳಿದರೆ ಅವು ಹೇಳುವುದಿಲ್ಲ. ಅವಳಿಗೂ ತಿಳಿಯದು. ಅಷ್ಟು ದೊಡ್ಡ ಭಯವನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

"ಸರ, ಹಳೇವೆಲ್ಲ ವಾಪಸ್ ತರಸ್ರಿ."

"ಹೆಂಗ ತರಸೂದು? ಅವು ಹಾರಾಕತ್ತಾವು," ಎಂದರು ಕುಮಾರಸ್ವಾಮಿ. ಆಮೇಲೆ ದನಿ ಮೆತ್ತಗೆ ಮಾಡಿ, ಅವಳಿಗೂ ತಮಗೂ ಕೂಡಿಯೇ ಸಮಾಧಾನ ಹೇಳಿದರು. "ಇಷ್ಟ ಹೆದರಬ್ಯಾಡ್ರಿ. ಒಂದ ದಂಡಕ್ಕ ಮೂರು ಸೆನ್ಸರ್ ಇರ್ತಾವು. ಒಂದು ಸುಳ್ಳು ಹೇಳಿದ್ರ ಉಳಿದ ಎರಡೂ ಕೂಡಿ ಅದನ್ನ ಹಿಡೀತಾವು. ಮಾಡಿದವರು ಹುಚ್ಚರಲ್ಲ."

ಹಾಜರಾಬಿ ತಲೆ ಎತ್ತಿದಳು.

"ಆ ಮೂರೂ ಸುತ್ತಿದಾಕಿ ನಾನ ಅಲ್ರಿ, ಸರ?"

ಕುಮಾರಸ್ವಾಮಿ ಉಮಾಶ್ರೀಗೆ ಕಪಾಟು ತೋರಿಸಿದರು. ಅವಳು ಅಲ್ಲಿಂದ ನಾಲ್ಕು ವರ್ಷದ ರಿಜಿಸ್ಟರುಗಳನ್ನು ಇಳಿಸಿ, ಸುತ್ತಿದವರ ಹೆಸರಿನ ಸಾಲಿಗೆ ಬೆರಳಿಟ್ಟು ಪುಟ ತಿರುವತೊಡಗಿದಳು. ಪುಟದಿಂದ ಪುಟಕ್ಕೆ ಒಂದೇ ಹೆಸರಿತ್ತು.