ನನಗಿಂತ ಮೊದಲೇ ಬಂದ ಸದ್ದು

ಕಿರುಗುಟ್ಟುವ ಸದ್ದು ಕಿವಿಗೆ ಬಿದ್ದ ಕೂಡಲೇ ಎಣ್ಣೆಯ ಡಬ್ಬಿಗೆ ಕೈಹಾಕುವ ಜನರ ಬಗ್ಗೆ ನನಗೆ ಮೊದಲಿನಿಂದಲೂ ಗೌರವಮಿಶ್ರಿತವಾದ ಒಂದು ಭಯವಿದೆ. ಬಾಗಿಲು, ಉಯ್ಯಾಲೆ, ಹೊಲಿಗೆಯಂತ್ರ, ಯಾವುದೂ ಅವರ ಕೈಯಿಂದ ತನ್ನ ಸದ್ದು ಉಳಿಸಿಕೊಂಡು ಪಾರಾಗುವುದಿಲ್ಲ. ನಿಶ್ಶಬ್ದವೇ ನಾಗರಿಕತೆಯ ಲಕ್ಷಣವೆಂದು ನಂಬಿದ ಇಂಥ ಸಜ್ಜನರೊಬ್ಬರ ಮಾತು ಕೇಳಿ, ಎರಡು ದಶಕ ನನ್ನೊಡನೆ ಕಿರುಗುಟ್ಟುತ್ತಾ ನಡೆದ ನನ್ನ ಎಡಗಾಲಿನ ಬಾಯಿ ಮುಚ್ಚಿಸಿದೆ. ಆಮೇಲೆ ಏನಾಯಿತೆಂದು ಕೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ, ಆದರೆ ಆ ಮೂರು ವಾರ ನಾನು ನಕ್ಕಿರಲಿಲ್ಲ.

ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲಿನ ಶಕ್ತಿಯನ್ನು ತನ್ನೊಡನೆ ಕೊಂಡೊಯ್ದಿತು. ಅಂದಿನಿಂದ ಕಾಲವೂ ಕಾಲೂ ನನ್ನ ಪಾಲಿಗೆ ಎಳೆದುಕೊಂಡೇ ಸಾಗಬೇಕಾದ ಪದಾರ್ಥಗಳಾದವು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ನಡುನಡುವೆ ಚರ್ಮದ ಬೆಲ್ಟು, ಹಿಮ್ಮಡಿಯ ಮೇಲೊಂದು ಕೀಲು: ಇದು ನನ್ನ ಕ್ಯಾಲಿಪರ್. ಕಾಲೆತ್ತಿದಾಗ ‘ಕಿರ್’, ಊರಿದಾಗ ‘ಟಕ್’. ಪಾಂಡವಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ನಾನಿನ್ನೂ ವರಾಂಡದ ಆ ತುದಿಯಲ್ಲಿರುವಾಗಲೇ ಈ ಸದ್ದು ತರಗತಿಯೊಳಗೆ ಹೋಗಿ ಹಾಜರಾಗುತ್ತಿತ್ತು, ಮಕ್ಕಳು ಗಂಭೀರವದನರಾಗಿ ಪುಸ್ತಕ ತೆರೆಯುತ್ತಿದ್ದರು. ಅದು ನನಗಿಂತ ಮುಂದೆ ಹೋಗಬಲ್ಲದೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ನಾನು ಕ್ರೈಸ್ತಳು, ಅದೂ ಸಂತೋಷದ ಜಾತಿಯವಳು. ಭಾನುವಾರ ಬೆಳಗಾದರೆ ಮೂರು ಚಕ್ರದ ಸ್ಕೂಟರನ್ನೇರಿ ಶ್ರೀರಂಗಪಟ್ಟಣದಾಚೆ ಕಾಲುವೆಯ ದಡದಲ್ಲಿರುವ ನಮ್ಮ ಪುಟ್ಟ ಚರ್ಚಿಗೆ ಹೋಗಿ, ಎಲ್ಲರಿಗಿಂತ ದೊಡ್ಡ ಗಂಟಲಿನಲ್ಲಿ, ಎಲ್ಲರಿಗಿಂತ ತಪ್ಪು ಶ್ರುತಿಯಲ್ಲಿ ಹಾಡಿ ಬರುವುದು ನನ್ನ ವಾರದ ಭಾಗ್ಯ. ಒಮ್ಮೆ ಎಲ್ಲಿಂದಲೋ ಬಂದ ಬೋಧಕರೊಬ್ಬರು ನನ್ನ ಮಂಡಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿ, ಕಾಲು ಇದ್ದಂತೆಯೇ ಇರುವುದನ್ನು ಕಂಡು ನನ್ನ ವಿಶ್ವಾಸದಲ್ಲೇ ಕೊರತೆಯಿದೆ ಎಂದಿದ್ದರು. ಚರ್ಚಿನ ಗೋಡೆಯ ಮೇಲೆ ಶಿಲುಬೆ ಹೊತ್ತು ನಡೆಯುವ ಯೇಸುಸ್ವಾಮಿಯ ಹದಿನಾಲ್ಕು ಚಿತ್ರಗಳಿವೆ, ಅವುಗಳಲ್ಲಿ ಮೂರರಲ್ಲಿ ಅವನು ಬಿದ್ದಿದ್ದಾನೆ. ನನಗೆ ಬೇಕಾದದ್ದು ಅಲ್ಲೇ ಇದೆಯೆಂದು ನಾನು ನಕ್ಕಿದ್ದೆ. ಅಂಥ ಧೈರ್ಯಸ್ಥೆ ಹೇಗೆ ನಡುಗಿದಳೆಂಬುದೇ ಈಗಿನ ಕಥೆ.

ಚರ್ಚಿನಲ್ಲಿ ನನ್ನ ಜಾಗ ಮೊದಲನೆಯ ಬೆಂಚಿನಲ್ಲಿ, ರೋಸಮ್ಮಜ್ಜಿಯ ಪಕ್ಕ. ಅರಕೆರೆಯಿಂದ ಮೊದಲನೇ ಬಸ್ಸಿಗೆ ಬರುವ ಈ ಮುದುಕಿಗೆ ಕಣ್ಣು ಹೋಗಿ ಹತ್ತು ವರ್ಷವಾಗಿದೆ. ಬಾಗಿಲಲ್ಲಿ ನನ್ನ ಕಾಲು ಕಿರ್ ಎಂದೊಡನೆ ಅಜ್ಜಿ ಸೆರಗು ಸರಿಮಾಡಿಕೊಂಡು ಸರಿಯುತ್ತಾಳೆ, ನಾನು ಹತ್ತಿರವಾದಾಗ “ಬಂದ್ಯಾ ಮಗಾ, ಕುತ್ಕೊ” ಎನ್ನುತ್ತಾಳೆ. ಹತ್ತು ವರ್ಷದಿಂದ ನನಗಾಗಿ ಸರಿದ ಜೀವ ಅದೊಂದೇ. ಮನೆಯಲ್ಲಿ ಒಬ್ಬಳೇ ಇರುವ ನಾನು ಆ ಎರಡು ಗೇಣು ಜಾಗಕ್ಕಾಗಿಯೇ ಎಷ್ಟೋ ಭಾನುವಾರ ಹಾಸಿಗೆ ಬಿಟ್ಟೆದ್ದಿದ್ದೇನೆ.

ಗಂಟೆ ಹೊಡೆಯುವುದರಿಂದ ಹಿಡಿದು ಹಂಚು ಹೊದಿಸುವವರೆಗೆ ಚರ್ಚಿನ ಸಕಲಕ್ಕೂ ಹೊಣೆಯಾದವರು ನಮ್ಮ ಉಪದೇಶಿ ಚಿನ್ನಪ್ಪನವರು. ಎಣ್ಣೆಯ ಡಬ್ಬಿಯ ಸಜ್ಜನರು ಇವರೇ. ಹೊಸ ಗುರುಗಳು ವರ್ಗವಾಗಿ ಬರುತ್ತಿದ್ದಾರೆ, ಪೂಜೆಯ ನಡುವೆ ಸದ್ದಾದರೆ ಅವರಿಗೆ ಸೇರುವುದಿಲ್ಲವಂತೆ ಎಂದು ಅವರು ಬಹು ವಿನಯದಿಂದ ಹೇಳಿದ ಮೇಲೆ ನಾನು ಪಾಂಡವಪುರದಲ್ಲಿ ಕುಲುಮೆಯಿಟ್ಟಿರುವ ಪುಟ್ಟಾಚಾರ್ರ ಬಳಿಗೆ ಹೋದೆ. ಅವರು ಹಳೆಯ ಕೀಲನ್ನು ತೆಗೆದು ಹೊಸದೊಂದನ್ನು ಮಾಡಿ ಕೂಡಿಸಿ ಎಣ್ಣೆ ಬಿಟ್ಟರು. ಅಂಗಡಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದೆ; ಯಾರೋ ಬೇರೆಯವರು ನಡೆದಂತಿತ್ತು.

ಆ ಭಾನುವಾರ ಕಾಲುವೆಯಿಂದೆದ್ದ ಮಂಜು ರಸ್ತೆಯನ್ನೆಲ್ಲ ನುಂಗಿತ್ತು, ನಾನು ತಲುಪುವಾಗ ಪೂಜೆ ಶುರುವಾಗಿತ್ತು. ಒಳಗೂ ಮಂಜು ಬಂದು ಮೊಂಬತ್ತಿಗಳ ಸುತ್ತ ನಿಂತಿತ್ತು. ಎಲ್ಲರೂ ಮೊಣಕಾಲೂರಿದ್ದರಿಂದ ಸದ್ದಿಲ್ಲದೆ ಕೊನೆಯ ಬೆಂಚಿನಲ್ಲೇ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಮುಂದಿನಿಂದ ಕೇಳಿಸಿತು: ಕಿರ್, ಟಕ್. ಕಿರ್, ಟಕ್. ನನ್ನ ನಡಿಗೆ ನನಗೆ ತಿಳಿಯದೇ? ಮೂರನೆಯ ಕಂಬದ ಬಳಿ ನಾನು ಸುಧಾರಿಸಿಕೊಳ್ಳುವಂತೆಯೇ ಅದೂ ಒಂದು ಗಳಿಗೆ ನಿಂತಿತು, ಮತ್ತೆ ಹೊರಟಿತು. ನಡುದಾರಿ ಖಾಲಿಯಾಗಿತ್ತು. ನನ್ನ ಕೈ ತಾನಾಗಿಯೇ ಕೆಳಗಿಳಿದು ಕಬ್ಬಿಣವನ್ನು ಮುಟ್ಟಿತು. ಅದು ತಣ್ಣಗೆ, ಅಲುಗದೆ ನನ್ನಲ್ಲೇ ಇತ್ತು. ಮುಂದೆ ರೋಸಮ್ಮಜ್ಜಿ ಸೆರಗು ಸರಿಮಾಡಿಕೊಂಡು ಸರಿದು ಕೂತಳು.

ಪೂಜೆ ಮುಗಿಯುವ ಮೊದಲೇ ಎದ್ದು ಮನೆಗೆ ಬಂದೆ. ಬದುಕಿರುವವರ ಹೆಜ್ಜೆ ಅವರಿಲ್ಲದ ಕಡೆ ಕೇಳಿಸಿದರೆ ಅವರಿಗೆ ಕರೆ ಬಂದಿದೆಯೆಂದು ನಮ್ಮ ಕಡೆ ಹೇಳುವುದುಂಟು. ಬಂದದ್ದು ನನ್ನ ಕಾಲೋ, ನನ್ನ ಕಾಲವೋ? ಕನ್ನಡ ಮೇಷ್ಟ್ರಾದವಳಿಗೆ ಇಂಥ ಹೊತ್ತಿನಲ್ಲೂ ಶ್ಲೇಷೆ ಹೊಳೆಯುವುದು ಒಂದು ಶಾಪ. ಮಂಜಿಗೆ ನೆಗಡಿ ಹಿಡಿದು, ಜ್ವರ ಬಂದು, ಗಂಟಲು ಪೂರ್ತಿ ಕಟ್ಟಿಹೋಯಿತು. ಮುಂದಿನ ಭಾನುವಾರ ಹಾಸಿಗೆಯಲ್ಲಿದ್ದೆ. ಅಂದು ಮಧ್ಯಾಹ್ನ ಚಿನ್ನಪ್ಪನವರು ಫೋನು ಮಾಡಿ, ಬೆಳಿಗ್ಗೆ ಬಂದವರು ಮಾತಾಡಿಸದೆ ಯಾಕೆ ಹೋದಿರಿ, ಕಾಲಿನ ಸದ್ದು ಕೇಳಿಸಿತಲ್ಲ ಎಂದರು. ನಾನು ಫೋನು ಇಟ್ಟುಬಿಟ್ಟೆ. ಸಾವಿಗೆ ಹೆದರುವುದಿಲ್ಲವೆಂದು ಅಷ್ಟು ವರ್ಷ ಹಾಡಿದವಳು ಹೊದಿಕೆಯೊಳಗೆ ಮುದುಡಿ, ನನ್ನ ಸಂತೋಷವೆಂಬುದು ಬರೀ ದೊಡ್ಡ ಗಂಟಲಷ್ಟೇ ಆಗಿತ್ತೇನೋ ಎಂದು ಅತ್ತೆ.

ಮೂರನೆಯ ವಾರ ಮೃತರ ಸ್ಮರಣೆಯ ದಿನ. ಮನೆಮನೆಯವರು ತೀರಿಹೋದ ತಮ್ಮವರ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ, ಗುರುಗಳು ಅವನ್ನು ಒಂದೊಂದಾಗಿ ಓದುತ್ತಾರೆ, ಪ್ರತಿ ಹೆಸರಿಗೂ ನಾವೆಲ್ಲ ಆ ಆತ್ಮಕ್ಕೆ ಶಾಂತಿ ಬೇಡುತ್ತೇವೆ. ಗಂಟಲಿಲ್ಲದಿದ್ದರೂ ಹೋಗಿ ಮತ್ತೆ ಕೊನೆಯ ಬೆಂಚಿನಲ್ಲೇ ಕೂತೆ, ಮುಂದೆ ಹೋಗಲು ಧೈರ್ಯವಾಗಲಿಲ್ಲ. ಅಂದೂ ಮಂಜಿತ್ತು. ಹೆಸರುಗಳು ಬರುತ್ತಿದ್ದವು, ಹೋಗುತ್ತಿದ್ದವು. ಆಗ ಯಾರನ್ನೂ ಗುರುತು ಹಿಡಿಯದ ಹೊಸ ಗುರುಗಳು ಸ್ಪಷ್ಟವಾಗಿ ಓದಿದರು: ಪಾಂಡವಪುರದ ಫಿಲೋಮಿನಾ ಟೀಚರಮ್ಮ.

ಆ ಹೆಸರಿನವಳು ಪಾಂಡವಪುರದಲ್ಲಿ ನಾನೊಬ್ಬಳೇ. ಮೂವತ್ತು ನಲವತ್ತು ಮುಖಗಳು ಒಮ್ಮೆಲೇ ಹಿಂತಿರುಗಿದವು. ಸದ್ದಿಲ್ಲದೆ ಬಂದು ಕುಳಿತಿದ್ದ ನನ್ನನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಚಿನ್ನಪ್ಪನವರು ಶಿಲುಬೆಯ ಗುರುತು ಮಾಡಿಕೊಂಡರು. ಅದೇ ಹೊತ್ತಿಗೆ ಮುಂದಿನಿಂದ ಕಿರ್, ಟಕ್ ಎಂದಿತು. ಮೊದಲನೆಯ ಬೆಂಚಿನಲ್ಲಿ ಒಬ್ಬರು ಮಾತ್ರ ತಿರುಗಿರಲಿಲ್ಲ. ರೋಸಮ್ಮಜ್ಜಿಯ ಭುಜ ಕುಲುಕುತ್ತಿತ್ತು, ಪಕ್ಕದ ಜಾಗ ಖಾಲಿಯಾಗಿಯೇ ಇತ್ತು.

ಹೆಸರು ಬರೆಸಿದವಳು ಅವಳೇ. ಎರಡು ಭಾನುವಾರ ನನ್ನ ಹೆಜ್ಜೆ ಬಂದಿತ್ತು, ಅವಳು ಸರಿದಿದ್ದಳು, ಯಾರೂ ಕುಳಿತಿರಲಿಲ್ಲ. ಟೀಚರಮ್ಮನಿಗೆ ಜ್ವರವೆಂದು ಯಾರೋ ಹೇಳಿದಾಗ, ನಾನು ತೀರಿಕೊಂಡಿದ್ದೇನೆ, ಕುರುಡಿಯೆಂದು ತನಗೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು. ಅರಕೆರೆ ಬಸ್ಸಿನಲ್ಲಿ ಪಕ್ಕ ಕೂತ ಯಾವಳೋ ಹುಡುಗಿಯಿಂದ ಚೀಟಿ ಬರೆಸಿ ತಂದು ಹಾಕಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಅವಳು ಅಳುತ್ತಿದ್ದಾಳೆ ಎಂಬುದಷ್ಟೇ.

ನನ್ನ ಹೆದರಿಕೆಯನ್ನು ಬೆಂಚಿನ ಮೇಲೆ ಬಿಟ್ಟು ಎದ್ದೆ. ನಡುದಾರಿಯಲ್ಲಿ ಸದ್ದಿಲ್ಲದೆ ನಡೆದು ಹೋಗುವಾಗ ಎರಡೂ ಕಡೆಯ ಜನ ಕಾಲು ಒಳಗೆಳೆದುಕೊಂಡರು. ಗಂಟಲಿನಿಂದ ಬರೀ ಗಾಳಿ ಬಂತು, ಅಜ್ಜಿಗೆ ಕೇಳಿಸಲಿಲ್ಲ. ಅವಳ ಕೈ ಹಿಡಿದು ನನ್ನ ಕಾಲಿನ ಕಬ್ಬಿಣದ ಮೇಲಿಟ್ಟೆ. ಅವಳು ಪಟ್ಟಿ, ಬೆಲ್ಟು, ಕೀಲು ಎಲ್ಲವನ್ನೂ ನಿಧಾನವಾಗಿ ತಡವಿ ನೋಡಿದಳು.

“ನಿಂದೇ ಕಬ್ಣ ಕಣ್ ಮಗಾ,” ಎಂದಳು. “ಸದ್ದೇ ಇಲ್ವಲ್ಲ. ಅಂಗಾರೆ ಸತ್ತೇ ಬಂದಿದ್ದೀಯೆ.” ಕೈ ತೆಗೆಯಲಿಲ್ಲ. ಕಣ್ಣೊರೆಸಿಕೊಂಡು ಇನ್ನೂ ಒಂದು ಗೇಣು ಸರಿದಳು. “ಇರ್ಲಿ ಬುಡು. ಅಷ್ಟ್ ದೂರದಿಂದ ಬಂದಿದ್ದೀಯ, ಕಾಲ್ ನೋಯ್ತಿರ್ತದೆ. ಕುತ್ಕೊ.”

ಕುಳಿತೆ. ಸತ್ತವಳೆಂದು ತಿಳಿದೂ ನನ್ನ ಕಾಲುನೋವಿನ ಚಿಂತೆ ಮಾಡಿದ ಆ ಮುದುಕಿಯ ಪಕ್ಕ ಕುಳಿತಾಗ, ಮೂರು ವಾರದಿಂದ ಕಳೆದುಹೋಗಿದ್ದದ್ದು ಒಳಗೆ ಬುಗ್ಗೆಯಂತೆ ಎದ್ದಿತು. ಗುರುಗಳು ತಬ್ಬಿಬ್ಬಾಗಿ ನಿಂತೇ ಇದ್ದರು. ನನ್ನ ಹೆಸರಿಗೆ ಯಾರೂ ಶಾಂತಿ ಬೇಡದೆ ಬಿಟ್ಟಿದ್ದು ನೆನಪಾಗಿ, ಇಲ್ಲದ ಗಂಟಲಿನಿಂದ ನಾನೇ ಬೇಡಿಕೊಂಡೆ. ಆಮೇಲೆ ನಗು ತಡೆಯಲಾಗಲಿಲ್ಲ. ನನ್ನ ಮೈ ಕುಲುಕುವುದು ತಿಳಿದು ಅಜ್ಜಿ ನನ್ನ ಮುಖ ತಡವಿದಳು, ಬೆಚ್ಚಗಿತ್ತು. ಅವಳೂ ಅಳುತ್ತಲೇ ನಕ್ಕಳು.

ಆ ಸದ್ದಿನ ಮೂಲ ಅಲ್ಲಿಂದ ಕಾಣುತ್ತಿತ್ತು. ಬೆಂಚಿನ ಬಲಕ್ಕೆ ಗುರುಗಳು ಕುಳಿತು ನಮ್ಮ ಪಾಪನಿವೇದನೆ ಕೇಳುವ ಹಳೆಯ ಮರದ ಗೂಡಿದೆ, ಅದರ ಅರ್ಧ ಬಾಗಿಲು ಕಿಟಕಿಯ ಗಾಳಿಗೆ ತೆರೆದು ಮುಚ್ಚುತ್ತಿತ್ತು: ಕಿರ್, ಟಕ್. ಮರುದಿನ ಕುಲುಮೆಗೆ ಹೋಗಿ ಕೇಳಿದಾಗ ಪುಟ್ಟಾಚಾರ್ರು, ನನ್ನ ಕೀಲು ಬದಲಿಸಿದ ವಾರವೇ ಚಿನ್ನಪ್ಪನವರು ಆ ಬಾಗಿಲಿನ ರಿಪೇರಿಗೂ ಕರೆದಿದ್ದರೆಂದರು. “ನಿಮ್ ಹಳೇ ಕೀಲು ಗಟ್ಟಿಯಾಗಿತ್ತು ಕಣಮ್ಮ. ಬಿಸಾಕಕ್ಕೆ ಮನ್ಸು ಬರ್ನಿಲ್ಲ, ದೇವ್ರ ಮನೇಗೇ ಹಾಕ್ಬುಟ್ಟೆ.” ಗಾಳಿ ಮೂರನೆಯ ಕಂಬದ ಬಳಿ ಸುಧಾರಿಸಿಕೊಂಡದ್ದು ಹೇಗೆಂದು ನಾನು ಅವರನ್ನು ಕೇಳಲಿಲ್ಲ.

ಕೀಲುಗಳನ್ನು ಅದಲುಬದಲು ಮಾಡಿಸಿದೆ. ನನ್ನ ಹಳೆಯ ಕೀಲು ಎಣ್ಣೆಯಿಲ್ಲದೆ ನನ್ನ ಕಾಲಿಗೆ ಬಂತು, ಎಣ್ಣೆ ಕುಡಿದ ಹೊಸದು ಬಾಗಿಲಿಗೆ ಹೋಯಿತು. ಮುಂದಿನ ಭಾನುವಾರ ಗೂಡಿನ ಬಾಗಿಲು ಮೂಕವಾಗಿ ಮುಚ್ಚಿಕೊಂಡಿತ್ತು, ಗಾಳಿಯೂ ಇರಲಿಲ್ಲ. ನಾನು ಕಿರುಗುಟ್ಟುತ್ತಾ ನಡುದಾರಿಯಲ್ಲಿ ಹೋದೆ, ಕಂಬದ ಬಳಿ ನಿಂತೆ, ಮತ್ತೆ ನಡೆದೆ. ರೋಸಮ್ಮಜ್ಜಿ ಸೆರಗು ಸರಿಮಾಡಿಕೊಂಡು ಸರಿದಳು, ಮತ್ತೂ ಸರಿದಳು, ಬೆಂಚಿನ ತುದಿಯವರೆಗೂ ಸರಿದಳು. ಅಷ್ಟೇಕೆ ಎಂದು ಕೇಳಿದೆ.

“ಇಬ್ರು ಬಂದಂಗಾಯ್ತಲ್ಲ ಮಗಾ.”

ನಾನೊಬ್ಬಳೇ ಅಜ್ಜಿ ಎಂದೆ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು, “ಇರ್ಲಿ ಬುಡು, ಜಾಗ ಅದೆ” ಎಂದಳು. ನಾನು ಅವಳಿಗೆ ಒತ್ತಿ ಕುಳಿತೆ. ನನ್ನ ಈಚೆ ಬದಿಯಲ್ಲಿ ಉಳಿದ ಎರಡು ಗೇಣು ಜಾಗದ ಮೇಲೆ ಅಂದಿನಿಂದ ನನ್ನ ಚೀಲವನ್ನೂ ಇಡುವುದಿಲ್ಲ.