ಗಾಜು ಹಿಡಿಯುವವಳು

ಗಾಜಿನಂಗಡಿಯವನ ಮಗಳಿಗೆ ನಡೆಯುವುದಕ್ಕಿಂತ ಮೊದಲು ನಿಲ್ಲುವುದು ಬಂತು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡುವುದಕ್ಕೆ ಅವರಿಗೇನು, ಏಟು ತಿನ್ನುತ್ತಿದ್ದವರು ಅವರಲ್ಲವಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಆಳೆತ್ತರದ ಗಾಜು. ಅಪ್ಪ ಮರದ ಪಟ್ಟಿ ಒತ್ತಿ ಹಿಡಿದು ವಜ್ರದ ಮೊನೆಯ ಕಡ್ಡಿಯಿಂದ ಗೀರು ಎಳೆಯುವಾಗ ಆ ಕಡೆಯ ಅಂಚನ್ನು ಒಬ್ಬರು ಹಿಡಿದು ನಿಲ್ಲಬೇಕಿತ್ತು. ಹಿಡಿದವರು ಕೆಮ್ಮಿದರೂ ಸಾಕು, ಗೀರು ದಾರಿ ತಪ್ಪಿ ಗಾಜು ಚಟ್ಟನೆ ಎಲ್ಲೆಂದರಲ್ಲಿ ಸೀಳುತ್ತಿತ್ತು. ಸೀಳಿದರೆ ಅದೇ ಮರದ ಪಟ್ಟಿ ಗಾಜು ಹಿಡಿದವರ ಬೆನ್ನ ಮೇಲೆ ಬೀಳುತ್ತಿತ್ತು. ಆ ಪಟ್ಟಿ ತಾತನ ಕಾಲದ್ದು. ಅಂಗಡಿ, ಮೇಜು, ಕಂಬಳಿ, ಎಲ್ಲವೂ ತಾತನ ಕಾಲದ್ದೇ.

"ಗೋಡೆ ಕಡೆ ತಿರುಗು. ಅಲ್ಲಾಡಬೇಡ. ಅಲ್ಲಾಡಿದ್ರೆ ಇನ್ನೆರಡು ಬೀಳತ್ತೆ."

ಅಪ್ಪ ಇದನ್ನು ಕೂಗಿ ಹೇಳುತ್ತಿರಲಿಲ್ಲ. ಗಿರಾಕಿಗೆ ಅಳತೆ ಹೇಳುವ ದನಿಯಲ್ಲೇ ಹೇಳುತ್ತಿದ್ದ. ಮಗಳು ಗಲ್ಲವನ್ನು ಎದೆಗೊತ್ತಿ, ಭುಜ ಎತ್ತಿ, ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿ ನಿಲ್ಲುವುದನ್ನು ಕಲಿತಳು. ಹೆಬ್ಬೆರಳು ಹೊರಗಿದ್ದಾಗ ಒಮ್ಮೆ ಪಟ್ಟಿ ತಗುಲಿ ಉಗುರೇ ಕಿತ್ತು ಬಂದಿತ್ತು. ಅತ್ತರೂ ಅಲ್ಲಾಡಿದ ಲೆಕ್ಕವೇ. ಹಾಗಾಗಿ ಅಳುವುದನ್ನೂ ಬಿಟ್ಟಳು.

ಅಮ್ಮ ಅಡ್ಡ ಬರುತ್ತಿದ್ದಳು, ತನ್ನ ಪಾಲಿನದನ್ನೂ ತಿನ್ನುತ್ತಿದ್ದಳು. ಮಗಳು ಕಾಲೇಜು ಸೇರಿದ ಮೇಲೂ ಹೀಗೇ ಒಂದು ಮಧ್ಯಾಹ್ನ ಯಾರದೋ ಕನ್ನಡಿ ಒಡೆಯಿತು. ಅಪ್ಪ ಕೈಗೆ ಸಿಕ್ಕ ಚೂರನ್ನು ಬೀಸಿದ, ಅದು ಅಮ್ಮನ ಕಿವಿಯ ಹಾಲೆಯನ್ನು ಕತ್ತರಿಸಿಕೊಂಡು ಹೋಗಿ ಗೋಡೆಗೆ ಬಡಿಯಿತು. ನೆಲದ ಮೇಲಿದ್ದ ಚೂರುಗಳ ಮೇಲೆಲ್ಲ ರಕ್ತ ಹನಿಯಿತು. ಬಾಗಿಲಲ್ಲಿ ನಿಂತಿದ್ದ ಗಿರಾಕಿ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಕನ್ನಡಿ ಸಂಜೆಗೆ ಸಿಗತ್ತಾ?" ಎಂದು ಕೇಳಿದ. ಎಂಥೆಂಥ ಮಹಾನುಭಾವರಿರುತ್ತಾರೆ ನೋಡಿ.

ಅದೇ ವಾರ ಮಗಳು ಕಾಲೇಜಿನಿಂದ ಒಂದು ಸುದ್ದಿ ತಂದಳು. ಇಷ್ಟವಿದ್ದವರು ಒಂದು ಸೆಮಿಸ್ಟರ್ ತರಗತಿ ಬಿಟ್ಟು ಬೆಟ್ಟದ ತಪ್ಪಲಿನ ತೋಟಕ್ಕೆ ಹೋಗಬಹುದಂತೆ. ಅಲ್ಲಿ ಎಲ್ಲರೂ ಒಟ್ಟಿಗೆ ಇರುವುದು, ಒಟ್ಟಿಗೆ ಬೆಳೆಯುವುದು, ಬೇಯಿಸುವುದು. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಕಾಡು ಮಣ್ಣುಗಳೇ ಪಾಠ. ಕಿವಿಗೆ ಹತ್ತಿ ಒತ್ತಿಕೊಂಡಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಬಡಿಸುವಾಗ ಗಂಡನ ಮುಖ ನೋಡದೆ ಹೇಳಿದಳು: "ಕಾಲೇಜಿನೋರು ಕಡ್ಡಾಯ ಮಾಡಿದಾರೆ. ಹೋಗದಿದ್ರೆ ಪದವಿ ಕೊಡಲ್ವಂತೆ." ಅವಳು ಗಂಡನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವನು ನಂಬಿದ.

ತೋಟದ ಬಾಗಿಲಲ್ಲಿ "ಪ್ರಕೃತಿಯ ಮಡಿಲಲ್ಲಿ ಕಲಿಕೆ" ಎಂಬ ಹಲಗೆ ಇತ್ತು. ಹಾಗೆ ಬರೆದವರು ಆ ಮಡಿಲಲ್ಲಿ ಒಂದು ವಾರ ಕೂತು ನೋಡಿರಲಿಲ್ಲ ಅಂತ ಕಾಣುತ್ತದೆ. ಹುಡುಗಿ ಹೋದ ಮರುದಿನವೇ ಕಾಡುಬೆಕ್ಕು ಕೋಳಿಗೂಡಿಗೆ ನುಗ್ಗಿ ಕತ್ತುಗಳನ್ನಷ್ಟೇ ಕಡಿದು ಒಡಲುಗಳನ್ನು ಬಿಟ್ಟು ಹೋಗಿತ್ತು. ಪೇಟೆಯ ಹುಡುಗನೊಬ್ಬ ಗುದ್ದಲಿಯಿಂದ ತನ್ನ ಕಾಲನ್ನೇ ಅಗೆದುಕೊಂಡ. ಎಲ್ಲರೂ ಒಂದೇ ಉದ್ದನೆಯ ಕೊಟ್ಟಿಗೆಯಂಥ ಮನೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಸಂಜೆಯಾದರೆ ಸುತ್ತ ಕೂತು, ಆ ದಿನದ ಕೆಲಸ, ಜಗಳ, ಬೇಸರ ಎಲ್ಲವನ್ನೂ ಮಧ್ಯಕ್ಕೆ ಹಾಕುತ್ತಿದ್ದರು. ಪ್ರತಿಯೊಬ್ಬರನ್ನೂ "ನೀನೇನಂತೀಯ?" ಎಂದು ಕೇಳುವುದು ಅಲ್ಲಿಯ ನಿಯಮ. ತನ್ನ ಸರದಿ ಬಂದಾಗ ಅವಳು "ಏನಿಲ್ಲ" ಅನ್ನುತ್ತಿದ್ದಳು. ಅಂಥ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಕೆಲಸವನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಅವಳಿಗೆ ಜೇನುಪೆಟ್ಟಿಗೆ ಬಂತು. ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಜೇನಕ್ಕ ಅನ್ನುತ್ತಿದ್ದರು. ಬಾಯಿ ಜೋರು, ಕರುಳು ಮೆತ್ತಗೆ. ಜೇನಕ್ಕ ಮುಚ್ಚಳ ತೆಗೆದ ಕೂಡಲೇ ಜೊತೆಗಿದ್ದವರು ಚೆಲ್ಲಾಪಿಲ್ಲಿಯಾಗಿ ಓಡಿದರು. ಇವಳು ನಿಂತಳು. ಹುಳುಗಳು ತೋಳ ಮೇಲೆ, ಕತ್ತಿನ ಮೇಲೆ, ಮುಚ್ಚಿದ ರೆಪ್ಪೆಯ ಮೇಲೆ ಓಡಾಡಿ ಬೇಜಾರಾಗಿ ಹಾರಿಹೋದವು.

"ನಿಂಗೆ ಜೀವ ಇದೆಯೋ ಇಲ್ವೋ? ಒಳ್ಳೇ ಕಂಬ ನಿಂತ ಹಾಗೆ ನಿಂತಿದೀಯಲ್ಲೇ!" ಎಂದು ಜೇನಕ್ಕ ಸಂಜೆ ಎಲ್ಲರೆದುರು ಹೊಗಳಿದಳು. "ಇಷ್ಟು ವರ್ಷದಲ್ಲಿ ಇಂಥ ಧೈರ್ಯ ನೋಡಿಲ್ಲ ಕಣ್ರೇ."

ಅಂದಿನಿಂದ ಅವಳ ಹೆಸರು ಕಂಬ. ಧೈರ್ಯ ಎಂಬ ಮಾತನ್ನು ಅವಳು ತಿದ್ದಲಿಲ್ಲ. ತಿದ್ದುವುದಕ್ಕೆ ಮನಸ್ಸೂ ಬರಲಿಲ್ಲ. ನಿಂತಿದ್ದಕ್ಕೆ ಹೊಗಳಿಕೆ ಸಿಕ್ಕಿದ್ದು ಅದೇ ಮೊದಲು, ಅವಳು ಹಿಗ್ಗಿಹೋಗಿದ್ದಳು. ಹೂವಿನ ಕಾಲ ಮುಗಿದಾಗ ಕೆಲಸದ ಹುಳುಗಳು ಗಂಡು ಹುಳುಗಳನ್ನು ರೆಕ್ಕೆ ಕಚ್ಚಿ ಎಳೆದು ಹೊರಗೆ ತಳ್ಳಿದವು. ಅವು ನೆಲದ ಮೇಲೆ ಬಿದ್ದು ಒದ್ದಾಡಿ ಸತ್ತವು. ಜೊತೆಯವರು ಅಯ್ಯೋ ಪಾಪ ಎನ್ನುತ್ತ ಎದ್ದುಹೋದರು. ಕಂಬ ಕೊನೆಯ ಹುಳು ಸಾಯುವವರೆಗೂ ಕೂತು ನೋಡಿದಳು.

ಇತ್ತ ಕಾಲೇಜಿನ ಗುಮಾಸ್ತನ ಮನೆಯ ಕಿಟಕಿ ಒಡೆದು, ಅವನು ಗಾಜು ಕೊಯ್ಯಿಸಲು ಇದೇ ಅಂಗಡಿಗೆ ಬಂದ. ಮಾತಿಗೆ ಮಾತು ಬಂದು, "ಕಡ್ಡಾಯ ಏನಲ್ಲ ಸ್ವಾಮಿ, ಇಷ್ಟ ಇದ್ದೋರು ಹೋಗ್ತಾರೆ" ಅಂದು ನಕ್ಕ. ಅವನು ಗಾಜು ತೆಗೆದುಕೊಂಡು ಹೋದ ಮೇಲೆ ಏನಾಯಿತು ಎನ್ನುವುದನ್ನು ಬೀದಿಯವರೆಲ್ಲ ಕೇಳಿಸಿಕೊಂಡರು. ಯಾರೂ ಬಾಗಿಲು ತಟ್ಟಲಿಲ್ಲ.

ಎರಡು ದಿನ ಬಿಟ್ಟು, ಕಂಬ ಮತ್ತು ಜೇನಕ್ಕ ಪೆಟ್ಟಿಗೆಯೊಂದರ ಮುಚ್ಚಳ ತೆಗೆದಿಟ್ಟು ಒಳಗೆ ನೋಡುತ್ತಿದ್ದಾಗ ಅಪ್ಪ ಇಳಿಜಾರಿನಲ್ಲಿ ಇಳಿದು ಬಂದ. ತಡೆಯಲು ಹೋದ ಹುಡುಗನೊಬ್ಬ ಮೂಗು ಹಿಡಿದುಕೊಂಡು ಹಿಂದೆಯೇ ಬರುತ್ತಿದ್ದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

"ಕಡ್ಡಾಯವಂತೆ, ಕಡ್ಡಾಯ! ನಡಿ ಮನೆಗೆ."

"ಸ್ವಲ್ಪ ಕೂತ್ಕೊಳ್ಳಿ, ಮಾತಾಡೋಣ" ಎಂದಳು ಜೇನಕ್ಕ. "ಇಲ್ಲಿ ಅವರವರ ವಿಷಯ ಅವರವರೇ ಹೇಳ್ಬೇಕು. ಕಂಬ, ನೀನೇನಂತೀಯ?"

"ಅವಳೇನಂತಾಳೆ? ಅವಳಮ್ಮನ ಮಣಿಕಟ್ಟು ಮುರಿದಿದೆ. ಅಂಗಡೀಲಿ ಗಾಜು ಹಿಡಿಯೋರು ಗತಿಯಿಲ್ಲ."

"ಹೇಗೆ ಮುರೀತು?"

"ಸುಳ್ಳು ಹೇಳಿದ್ಲು, ಮುರೀತು."

ಬರಲ್ಲ ಎನ್ನುವ ಒಂದು ಮಾತು ಸಾಕಿತ್ತು. ಈಗ ಹೋದರೆ ಮತ್ತೆ ಬರುವುದಿಲ್ಲ, ಕಾಲೇಜೂ ಇಲ್ಲ, ಸಾಯುವವರೆಗೂ ಆ ಮೇಜಿನ ಆ ಕಡೆಯ ಅಂಚೇ ಗತಿ ಎಂದು ಅವಳಿಗೆ ಗೊತ್ತಿತ್ತು. ಆದರೂ ನಾಲಿಗೆ ಏಳಲಿಲ್ಲ. ಅಪ್ಪನ ಕೈ ಕೆನ್ನೆಗೆ ಬಿತ್ತು. ಅವಳ ಗಲ್ಲ ಎದೆಗೆ ಇಳಿಯಿತು, ಭುಜ ಏರಿತು, ಹೆಬ್ಬೆರಳುಗಳು ತಾವಾಗಿ ಮುಷ್ಟಿಯೊಳಗೆ ಹೋದವು. ಎರಡನೆಯ ಏಟಿಗೂ ಅವಳು ಕದಲಲಿಲ್ಲ. ಜೇನಕ್ಕ ಆ ಮುಷ್ಟಿಗಳನ್ನೇ ನೋಡಿದಳು. ತಾನು ಊರಿಗೆಲ್ಲ ಸಾರಿದ ಧೈರ್ಯ ಯಾವುದು ಎಂದು ಅವಳಿಗೆ ಆಗ ತಿಳಿಯಿತು.

"ಏಯ್, ಬಿಡೋ ಅವಳನ್ನ!" ಎಂದು ಅಡ್ಡ ಬಂದ ಜೇನಕ್ಕನನ್ನು ಅವನು ತಳ್ಳಿದ ರಭಸಕ್ಕೆ ಅವಳು ಕಲ್ಲಿನ ಮೇಲೆ ಬಿದ್ದಳು, ಮೊಣಕಾಲು ಸೀಳಿತು. ಅವನು ಮಗಳ ಜಡೆಯನ್ನು ಕೈಗೆ ಸುತ್ತಿಕೊಂಡು ದರದರ ಎಳೆದ. ಎಳೆಯುವಾಗ ಅವಳ ಕೈ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ಮುಚ್ಚಳ ತೆಗೆದಿದ್ದ ಪೆಟ್ಟಿಗೆಯ ಕಾಲು.

ಪೆಟ್ಟಿಗೆ ಮಗುಚಿ ಬಿತ್ತು. ಜೇನು ಕೆರಳಿ ಎದ್ದಿತು. ಅಪ್ಪ ಜಡೆ ಬಿಟ್ಟು ಎರಡೂ ಕೈ ಬೀಸಿದ. ಬೀಸಿದಷ್ಟೂ ಕುಟುಕಿದವು, ಒಂದು ಕುಟುಕಿದ ವಾಸನೆಗೆ ಇನ್ನಷ್ಟು ಬಂದವು. ಅಂಗಿಯೊಳಗೆ, ಕಿವಿಯೊಳಗೆ, ಕೂಗಲು ತೆರೆದ ಬಾಯೊಳಗೆ ನುಗ್ಗಿದವು. ಅವನು ಅಲ್ಲೇ ಸುತ್ತಿ ಸುತ್ತಿ ಓಡಿ ಮುಗ್ಗರಿಸಿ ಬಿದ್ದ. ಕಂಬ ಅಲ್ಲಾಡದೆ ನಿಂತಿದ್ದಳು. ಅವಳನ್ನೂ ಕೆಲವು ಕುಟುಕಿದವು, ಅವಳಿಗದು ಗೊತ್ತೂ ಆಗಲಿಲ್ಲ. ಒಳಗಿನಿಂದ ಸಂತೋಷ ಉಕ್ಕಿ ಬರುತ್ತಿತ್ತು. ಇನ್ನೂ, ಇನ್ನೂ ಎಂದು ಅವಳ ಮನಸ್ಸು ಕೇಳುತ್ತಿತ್ತು. ನೆಲದ ಮೇಲೆ ಹೊರಳುತ್ತಿದ್ದವನ ಕೂಗು ನಿಂತು ಗೊರಗೊರ ಸದ್ದು ಬಂದಾಗಲೇ ಅವಳು ಬೆಚ್ಚಿಬಿದ್ದದ್ದು.

ನೆನೆದ ಗೋಣಿಯನ್ನು ಅವನ ಮೇಲೆ ಎಸೆದು, ಕುಂಟುತ್ತಿದ್ದ ಜೇನಕ್ಕನೂ ಅವಳೂ ಸೇರಿ ಅವನನ್ನು ಜೇನುತುಪ್ಪ ತೆಗೆಯುವ ಕೋಣೆಗೆ ಎಳೆದು ಬಾಗಿಲು ಹಾಕಿದರು. ಹೊಗೆ ಹಾಕಿದ ಮೇಲೆ ಜೊತೆ ಬಂದ ಹುಳುಗಳು ತಣ್ಣಗಾದವು. "ಮುಳ್ಳೆಲ್ಲ ಕೆರೆದು ತೆಗಿ, ವಿಷ ಏರತ್ತೆ. ನಾನು ಗಾಡಿ ತರಿಸ್ತೀನಿ" ಎಂದು ಜೇನಕ್ಕ ಹೊರಗೆ ಓಡಿದಳು.

ಕೋಣೆಯಲ್ಲಿ ಅಪ್ಪ, ಮಗಳು, ಜೇನುಹುಟ್ಟು ಕೊಯ್ಯುವ ಚಾಕು. ಅವಳು ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಚಾಕುವಿನ ಬೆನ್ನಿನಿಂದ ಮುಖದ ಮುಳ್ಳುಗಳನ್ನು ಕೆರೆಯತೊಡಗಿದಳು. ಊದಿ ಮುಚ್ಚಿಕೊಂಡ ಕಣ್ಣಿನ ಹತ್ತಿರ ಚಾಕು ಬಂದಾಗ ಅವನು ತಲೆ ಕೊಡವಿದ. ಅವಳ ಕೈ ಮೇಲೆದ್ದು ಆ ಊದಿದ ಕೆನ್ನೆಗೆ ಪಟಾರನೆ ಬಿತ್ತು.

"ಅಲ್ಲಾಡಬೇಡ. ಅಲ್ಲಾಡಿದ್ರೆ ಇನ್ನೆರಡು ಬೀಳತ್ತೆ."

ದನಿ ಕೂಗಿನದಾಗಿರಲಿಲ್ಲ. ಅಳತೆ ಹೇಳುವ ದನಿಯೇ.

ಅಪ್ಪ ಸ್ತಬ್ಧನಾದ. ಅವನ ಗಲ್ಲ ಎದೆಗೆ ಇಳಿಯಿತು. ಭುಜ ಏರಿತು. ತೊಡೆಯ ಮೇಲಿದ್ದ ಕೈಗಳು ಮುಚ್ಚಿದವು, ಹೆಬ್ಬೆರಳುಗಳು ಒಳಗೆ ಹೋದವು. ಯಾರೂ ಹೇಳಿಕೊಡದೆ ಹಾಗೆ ಕೂರಲು ಬರುವುದಿಲ್ಲ. ತಾತನ ಮೇಜು, ತಾತನ ಕಂಬಳಿ, ತಾತನ ಪಟ್ಟಿ. ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ಮೈಯೆಲ್ಲ ಉರಿಯಿತು. ಇಷ್ಟು ಗೊತ್ತಿದ್ದೂ ಹೊಡೆದನಲ್ಲ! ಕೈ ಇನ್ನೊಮ್ಮೆ ಮೇಲೆದ್ದಿತು. ಅವನು ಏಟಿಗಾಗಿ ಕಾಯುತ್ತ ಉಸಿರು ಹಿಡಿದಿದ್ದ. ಅವಳು ಆ ಕೈಯನ್ನು ಬಲು ಕಷ್ಟದಿಂದ ಕೆಳಗಿಳಿಸಿ ಚಾಕು ಹಿಡಿದಳು, ಉಳಿದ ಮುಳ್ಳುಗಳನ್ನು ಒಂದೊಂದಾಗಿ ಕೆರೆದಳು. ಕೈ ಗಡಗಡ ನಡುಗುತ್ತಿತ್ತು. ಅದು ಹಿಂದೆಂದೂ ನಡುಗಿದ್ದಿಲ್ಲ.

ಆಸ್ಪತ್ರೆಗೆ ಒಯ್ಯಲು ಗಾಡಿ ಬಂದಾಗ ಅವನು ದಪ್ಪಗಾದ ತುಟಿಯಲ್ಲೇ ಕೇಳಿದ: "ನೀ ಬರಲ್ವಾ?"

"ಬರಲ್ಲ."

"ಗಾಜು ಯಾರು ಹಿಡೀತಾರೆ?"

"ನೀನೇ ಹಿಡ್ಕೋ."

ಮಧ್ಯಾಹ್ನ ಜೇನಕ್ಕನ ಫೋನಿನಿಂದ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ, "ಬದುಕ್ತಾರಂತಾ?" ಎಂದಳು.

"ಬದುಕ್ತಾರಂತೆ."

"ನೀನು ಹೊಡೆದ್ಯಾ?"

"ಹೂಂ."

"ಗಟ್ಟಿಯಾಗಾ?"

ಇಬ್ಬರಿಗೂ ನಗು ಬಂತು, ಅದು ನಿಲ್ಲುವ ಹೊತ್ತಿಗೆ ಅಮ್ಮ ಅಳುತ್ತಿದ್ದಳು. "ನಾನು ನಿಮ್ಮ ಚಿಕ್ಕಮ್ಮನ ಮನೆಗೆ ಹೊರಟಿದೀನಿ ಪುಟ್ಟಿ. ಬೀಗದಕೈ ಪಕ್ಕದ ಮನೇಲಿ ಕೊಟ್ಟು ಹೋಗ್ತೀನಿ. ನೀನು ಅಲ್ಲೇ ಇರು" ಎಂದಳು.

ಸಂಜೆ ಎಲ್ಲರೂ ಸುತ್ತ ಕೂತರು. ಮೂಗಿಗೆ ಪಟ್ಟಿ ಹಾಕಿಸಿಕೊಂಡ ಹುಡುಗನೂ ಇದ್ದ. "ನೀನೇನಂತೀಯ?" ಎಂಬ ಪ್ರಶ್ನೆ ಅವಳ ಹತ್ತಿರ ಬಂತು.

"ನಾನು ನಮ್ಮಪ್ಪನಿಗೆ ಹೊಡೆದೆ. ಹೊಡೆದಾಗ ಚೆನ್ನಾಗಿತ್ತು. ಅದಕ್ಕೇ ಭಯ ಆಗ್ತಿದೆ" ಎಂದಳು. ಜೇನಕ್ಕನ ಕಡೆ ತಿರುಗಿ, "ನಂಗೆ ಧೈರ್ಯಗೀರ್ಯ ಏನೂ ಇಲ್ಲ. ಏಟು ತಿಂದು ನಿಲ್ಲೋದು ಅಭ್ಯಾಸ, ಅಷ್ಟೇ" ಎಂದಳು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಜೇನಕ್ಕ ಮಾತ್ರ ಜರುಗಿ ಬಂದು ಪಕ್ಕ ಕೂತಳು.

ಮರುದಿನ ಬೆಳಿಗ್ಗೆ ಇಬ್ಬರೂ ಮಗುಚಿದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಲು ಹೋದರು. ಹುಳುವೊಂದು ಬಂದು ಅವಳ ರೆಪ್ಪೆಯ ಮೇಲೆ ಕೂತಿತು. ಎಂದಿನಂತೆ ನಿಲ್ಲಲು ನೋಡಿದಳು, ಆಗಲಿಲ್ಲ. ಕೈ ನಡುಗಿತು, ಕಾಲು ನಡುಗಿತು, ಹುಳು ಕುಟುಕಿತು. "ಅಯ್ಯೋ ಅಮ್ಮಾ!" ಎಂಬ ಕೂಗು ಇಡೀ ತೋಟಕ್ಕೆ ಕೇಳಿಸಿತು. ಜೇನಕ್ಕ ರೂಢಿಯಂತೆ "ಅಲ್ಲಾಡ..." ಎಂದು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡಳು.

"ಓಡು!" ಎಂದು ಕಿರುಚಿದಳು. "ಓಡೇ, ಓಡು!"

ಹುಡುಗಿ ಎರಡೂ ಕೈ ಬೀಸುತ್ತ, ಬಾಯಿಬಿಟ್ಟು ಅಳುತ್ತ ಇಳಿಜಾರಿನಲ್ಲಿ ಓಡಿದಳು.