ಎರಡು ಕ್ಯಾಮೆರಾದ ತಿಜಾನಿ

"ನನ್ನ ಮೇಲೆ ಬೀಳಬೇಕಾದ ಕಲ್ಲು ಇನ್ನೂ ಬೆಟ್ಟದಿಂದ ಒಡೆದು ಬಂದಿಲ್ಲ, ನನಗೆ ತಾಗಬೇಕಾದ ಲಾಠಿ ಇನ್ನೂ ಮರದಲ್ಲೇ ಇದೆ" ಎಂದು ಫೋಟೋಗ್ರಾಫರ್ ತಿಜಾನಿ ಕಾಫಿ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ. ಹೇಳುವಾಗ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದ. ಬಲಗೈ ಯಾಕೆ ಮೇಲೇಳದು ಎಂದು ಕೇಳುವಷ್ಟು ಒರಟರು ಅಲ್ಲಿ ಯಾರೂ ಇರಲಿಲ್ಲ.

ಟುನೀಶಿಯಾದ ದಕ್ಷಿಣದ ಗಣಿಯೂರು ಐನ್ ಸಮ್ರಾ. ಅಲ್ಲಿಯ ಫಾಸ್ಫೇಟ್ ದೂಳು ಎಂಥದ್ದೆಂದರೆ, ಹುಂಜ ಕೆಂಪೋ ಕಪ್ಪೋ ಎಂಬುದು ಮಳೆ ಬಂದಾಗ ಮಾತ್ರ ತಿಳಿಯುತ್ತಿತ್ತು. ಮಳೆಯಂತೂ ಒಂದು ಹುಂಜದ ಆಯುಷ್ಯದಲ್ಲಿ ಬರುತ್ತಿರಲಿಲ್ಲ. ಇಂಥ ಊರಿನಲ್ಲಿ ಮುಖಗಳನ್ನು ತೊಳೆಸಿ ಕೂರಿಸಿ ಫೋಟೋ ತೆಗೆಯುವುದು ತಿಜಾನಿಯ ಕಸುಬು. ಮದುವೆಗೆ ಹೋದರೆ ಎರಡು ಕ್ಯಾಮೆರಾ ಒಯ್ಯುತ್ತಿದ್ದ, ಗಂಡಿನ ಕಡೆಯವರಿಗೊಂದು, ಹೆಣ್ಣಿನ ಕಡೆಯವರಿಗೊಂದು. ಒಂದೇ ರೀಲಿನಲ್ಲಿ ಎರಡೂ ಮನೆಯವರು ಬಂದರೆ ಯಾರು ಮೊದಲು ಬಂದರು ಎಂಬ ಜಗಳದಲ್ಲಿ ಮದುವೆಯೇ ಮುರಿದುಬೀಳುತ್ತಿತ್ತು. ಮುಗಿದ ಮೇಲೆ ಒಳ್ಳೆಯ ಫೋಟೋಗಳನ್ನು ಅಂಗಡಿಯ ಗಾಜಿನ ಹಿಂದೆ ತೂಗುಹಾಕುತ್ತಿದ್ದ. ಆ ಗಾಜಿನಲ್ಲಿ ಕಾಣದವನಿಗೆ ಊರಿನಲ್ಲಿ ಬೆಲೆಯಿಲ್ಲ.

ಗಣಿಯಲ್ಲಿ ಮೊದಲ ದೊಡ್ಡ ಮುಷ್ಕರ ನಡೆದಾಗ ಅವನು ಎರಡೂ ಕ್ಯಾಮೆರಾ ಹೊತ್ತು ಬೀದಿಗಿಳಿದ. ಅಶ್ರುವಾಯು ಸಿಡಿಯುತ್ತಿತ್ತು, ಪೊಲೀಸರು ಸಿಕ್ಕವರ ಮಂಡಿಚಿಪ್ಪು ಒಡೆಯುತ್ತಿದ್ದರು, ನಮ್ಮ ಜನ ಮಾತ್ರ ಅವನನ್ನು ಕಂಡರೆ ಓಡುವುದನ್ನು ನಿಲ್ಲಿಸಿ ತಲೆ ಬಾಚಿಕೊಳ್ಳುತ್ತಿದ್ದರು. ಅವನ ಹೆಂಡತಿಯ ತಮ್ಮ ಮೊಂಜಿ ಒಂದೇ ಕಲ್ಲನ್ನು ನಾಲ್ಕು ಸಲ ಎತ್ತಿ ಹಿಡಿದ.

"ಭಾವ, ಈಗ ತೆಗಿ. ನಾನು ಕಣ್ಣು ಮುಚ್ಚಿದ್ನಾ?"

"ಮುಚ್ಚಿದ್ದೆ. ಬಾಯಿ ಮುಚ್ಚಿ ಕಣ್ಣು ಬಿಡು."

ಆಮೇಲೆ ತಿಜಾನಿ ಮಾಡಿದ್ದು, ಮದುವೆ ಫೋಟೋಗ್ರಾಫರ್ ಒಬ್ಬನೇ ಮಾಡಬಲ್ಲ ತಪ್ಪು. ಚೆನ್ನಾಗಿ ಬಂದವನ್ನೆಲ್ಲ ಗಾಜಿನ ಹಿಂದೆ ಸಾಲಾಗಿ ತೂಗುಹಾಕಿದ. ಊರೇ ಬಂದು ನೋಡಿತು. ಪೊಲೀಸ್ ಕಮಿಷನರೂ ಬಂದ. ಒಳಗೆ ಕೂತು ಪುದೀನ ಚಹಾ ಕುಡಿದ, ಬೆಳಕು ಚೆನ್ನಾಗಿ ಹಿಡಿದಿದ್ದೀಯ ಎಂದು ಹೊಗಳಿದ.

"ಇಷ್ಟೂ ನನಗೆ ಬೇಕು ತಿಜಾನಿ. ಫ್ರೇಮ್ ಬೇಡ."

"ಫ್ರೇಮ್ ಇಲ್ದಿದ್ರೆ ಹಾಳಾಗ್ತವೆ ಸಾರ್."

"ಫ್ರೇಮಿಗೆ ಹಾಕೋ ಮನುಷ್ಯರನ್ನ ನಾವೇ ತಂದ್ಕೋತೀವಿ."

ಗಾಜಿನಲ್ಲಿದ್ದವರು ಸಂಜೆಯೊಳಗೆ ಠಾಣೆಯಲ್ಲಿದ್ದರು. ಮೊಂಜಿಯ ಕೈಕಾಲು ಕಟ್ಟಿ, ಮಂಡಿಯ ಕೆಳಗೆ ಕಬ್ಬಿಣದ ಸರಳು ತೂರಿಸಿ, ಸಂತೆಯ ಕುರಿಯಂತೆ ತಲೆಕೆಳಗಾಗಿ ನೇತುಹಾಕಿ ಅಂಗಾಲಿಗೆ ಹೊಡೆದರು. ಚರ್ಮ ಹೋದ ಮೇಲೆ ಅಲ್ಲಿ ಇನ್ನೇನಿದೆ ನೋಡೋಣವೆಂದು ಹೊಡೆದರು. ಬಿಡುಗಡೆಯಾದಾಗ ಅವನು ಮಂಡಿಯ ಮೇಲೆ ಮನೆಗೆ ಬಂದ. ಆ ದಿನವೇ ಊರಿನವರು ಅಂಗಡಿಯ ಗಾಜು ಒಡೆದರು. ಗಾಜು ಮುಗಿದ ಮೇಲೆ ತಿಜಾನಿಯ ಬಲಭುಜದ ಎಲುಬು ಒಡೆದರು. ಅವನು ಕೈ ಅಡ್ಡ ತರಲಿಲ್ಲ.

ಮುರಿದ ಭುಜ ಕಟ್ಟಿಕೊಂಡು ಅವನು ರೈಲುಹಳಿಯ ಬಳಿ ಹೋದ. ಅಲ್ಲಿ ಗಣಿ ಕುಸಿದು ಸತ್ತವರ ವಿಧವೆಯರು ಡೇರೆ ಹಾಕಿ, ಫಾಸ್ಫೇಟ್ ರೈಲು ಕದಲದಂತೆ ಹಳಿಗೆ ಅಡ್ಡ ಕೂತಿದ್ದರು. ಅವರ ಹಿರಿಯಳು ಮಬ್ರೂಕಾ. ಅವಳು ಕೆಮ್ಮಿದರೆ ರೈಲು ತಾನಾಗಿ ಹಿಂದೆ ಸರಿಯುತ್ತಿತ್ತೆಂದು ಹೇಳುವವರಿದ್ದಾರೆ. ನಾನು ನೋಡಿದ ಹಾಗೆ ಎರಡು ಸಲ ಕೆಮ್ಮಬೇಕಾಗುತ್ತಿತ್ತು.

"ದೊಡ್ಡಮ್ಮ, ನನಗೆ ಇದೊಂದೇ ಕೆಲಸ ಬರೋದು. ಬಿಡು ಅನ್ನಬೇಡಿ."

"ಬಿಡು ಅನ್ನಲ್ಲ. ನಿನ್ನ ಫೋಟೋದಿಂದ ನಮ್ಮವನು ಇನ್ನೊಬ್ಬ ಒಳಗೆ ಹೋದರೆ ನಿನ್ನ ಎರಡು ಕಣ್ಣೂ ಈ ಹೆಬ್ಬೆರಳಲ್ಲೇ ಕೀಳ್ತೀನಿ. ಆಮೇಲೆ ಬೇಕಾದಷ್ಟು ತೆಗಿ."

ಹೀಗೆ ಅವನ ನಿಜವಾದ ಕಸುಬು ಶುರುವಾಯಿತು. ಕುತ್ತಿಗೆಗೆ ದೊಡ್ಡ ಕ್ಯಾಮೆರಾ, ಕಂಬಳಿ ನಿಲುವಂಗಿಯೊಳಗೆ ಚಿಕ್ಕದು. ದೊಡ್ಡದು ನಮ್ಮವರ ಮುಖಕ್ಕೆ ಎಂದು ಊರಿಗೆಲ್ಲ ಹೇಳಿದ, ಚಿಕ್ಕದು ಪೊಲೀಸರ ಮುಖಕ್ಕೆ ಎಂದು ಮಬ್ರೂಕಾಳಿಗೆ ಮಾತ್ರ. ಪೆಟ್ಟು ತಿಂದ ಜನಕ್ಕೆ ಫೋಟೋದ ಆಸೆ ಮಾತ್ರ ಹೋಗಿರಲಿಲ್ಲ. ಮೊಂಜಿ ಊರುಗೋಲಿನ ಮೇಲೆ ಎದೆಯುಬ್ಬಿಸಿ ನಿಲ್ಲುತ್ತಿದ್ದ, ತಿಜಾನಿ ದೊಡ್ಡ ಕ್ಯಾಮೆರಾ ಕ್ಲಿಕ್ಕಿಸುತ್ತಿದ್ದ. ಪ್ರಿಂಟ್ ಕೇಳಿದವರಿಗೆ ಒಂದೇ ಉತ್ತರ: "ಗಲಾಟೆ ತಣ್ಣಗಾಗ್ಲಿ, ರೀಲು ತೊಳೆದುಕೊಡ್ತೀನಿ. ನನಗಿನ್ನೂ ಕಣ್ಣು ಬೇಕು."

ಪೊಲೀಸರ ಮುಖ ತೆಗೆಯಬೇಕಾದರೆ ಅವರಿಗೆ ಎದುರಾಗಿ, ನಮ್ಮವರಿಗೆ ಬೆನ್ನು ಹಾಕಿ ನಿಲ್ಲಬೇಕು. ನಮ್ಮವರ ಗುರಿಯೋ ದೇವರಿಗೇ ಪ್ರೀತಿ. ಎರಡು ವರ್ಷ ಅವನ ಬೆನ್ನಿಗೆ ಬಿದ್ದ ಕಲ್ಲುಗಳನ್ನು ಕೂಡಿಟ್ಟಿದ್ದರೆ ಮಸೀದಿಗೆ ಇನ್ನೊಂದು ಮಿನಾರು ಏಳುತ್ತಿತ್ತು, ಮಿಕ್ಕದ್ದರಲ್ಲಿ ಮುಲ್ಲಾನಿಗೆ ಮನೆಯೂ ಆಗುತ್ತಿತ್ತು. ರಾತ್ರಿ ಬೆನ್ನಿಗೆ ಬೆಚ್ಚಗಿನ ಆಲಿವ್ ಎಣ್ಣೆ ಹಚ್ಚುತ್ತಾ ಹೆಂಡತಿ ಕೇಳುತ್ತಿದ್ದಳು, "ಕಲ್ಲು ಇನ್ನೂ ಬೆಟ್ಟದಲ್ಲೇ ಇದೆಯೇನ್ರೀ?" ಅವನು ಮುಖ ದಿಂಬಿಗೊತ್ತಿಕೊಳ್ಳುತ್ತಿದ್ದ.

ಬ್ರೆಡ್ಡಿನ ಬೆಲೆ ಎರಡರಷ್ಟಾದ ಚಳಿಗಾಲದಲ್ಲಿ ಸೈನಿಕರು ಬಂದರು. ಮೊದಲು ಡೇರೆಗೆ ಬೆಂಕಿ ಇಟ್ಟರು. ಮಬ್ರೂಕಾ ಹಳಿ ಬಿಟ್ಟು ಏಳಲಿಲ್ಲ. ಅವಳನ್ನು ಎಳೆದು ತರಲೆಂದು ಬೇಕರಿಯ ಸಾಸಿ ಓಡಿದ. ಅವಳ ತಂಗಿಯ ಮಗ. ಹಿಟ್ಟು ನಾದುತ್ತಿದ್ದವನು ಹಾಗೆಯೇ ಎದ್ದು ಬಂದಿದ್ದ. ಜೊತೆಗೆ ಬಂದಿದ್ದ ಕಮಿಷನರ್ ತನ್ನ ಪಕ್ಕದ ಸೈನಿಕನ ಕೈಯಿಂದ ಬಂದೂಕು ಕಿತ್ತುಕೊಂಡು, ಕೋಳಿಗೆ ಗುರಿಯಿಟ್ಟಷ್ಟು ಸಲೀಸಾಗಿ ಹಾರಿಸಿದ. ಗುಂಡು ಗಂಟಲಿನಲ್ಲಿ ಹೋಯಿತು. ಸಾಸಿ ಎರಡೂ ಕೈಯಲ್ಲಿ ಗಂಟಲು ಒತ್ತಿ ಹಿಡಿದ. ಮೊಳಕೈವರೆಗಿದ್ದ ಹಿಟ್ಟು ರಕ್ತದಲ್ಲಿ ಕಲೆಸಿ ಉಂಡೆಯುಂಡೆಯಾಗಿ ಉದುರಿತು. ಅವನು ಮಬ್ರೂಕಾಳ ಮಡಿಲಿನ ಮೇಲೆಯೇ ಬಿದ್ದ.

ಕಮಿಷನರನ ಕೆನ್ನೆ ಬಂದೂಕಿಗೆ ಒತ್ತಿಕೊಂಡಿದ್ದಾಗಲೇ ತಿಜಾನಿ ಚಿಕ್ಕ ಕ್ಯಾಮೆರಾ ಒತ್ತಿದ್ದ. ಹೆಣದ ಮೇಲೆ ಬಗ್ಗಿದವನಂತೆ ಮಾಡಿ ಅದನ್ನು ಮಬ್ರೂಕಾಳ ಕಡೆಗೆ ಜಾರಿಸಿದ. ಅವಳು ಅಳುವುದನ್ನು ನಿಲ್ಲಿಸದೆ ಅದರ ಮೇಲೆ ಕೂತಳು.

ಅಷ್ಟರಲ್ಲಿ ಬಂದೂಕಿನ ಹಿಡಿ ತಿಜಾನಿಯ ಕೆನ್ನೆಗೆ ಬಿತ್ತು. ಒಳಗೆ ಒಣಸೌದೆ ಮುರಿದ ಸದ್ದು ಕೇಳಿತು. ಎರಡನೆಯ ಏಟಿಗೆ ಹಲ್ಲುಗಳು ನಾಲಗೆಯ ಮೇಲೆ ಬಂದವು. ಕಮಿಷನರ್ ಅವನ ಕುತ್ತಿಗೆಯಿಂದ ದೊಡ್ಡ ಕ್ಯಾಮೆರಾ ಕಿತ್ತುಕೊಂಡ. ಇಡೀ ಊರಿನ ಮುಖಗಳು ಅದರಲ್ಲಿವೆ ಎಂದು ಅವನಿಗೂ ಸುದ್ದಿ ಮುಟ್ಟಿತ್ತು. ಅವಸರವಾಗಿ ಅದರ ಹಿಂಬದಿಯ ಮುಚ್ಚಳ ತೆಗೆದು ನೋಡಿದ. ಒಳಗೆ ರೀಲೇ ಇರಲಿಲ್ಲ. ಎರಡು ವರ್ಷದಿಂದಲೂ ಇರಲಿಲ್ಲ.

"ಫಿಲ್ಮ್ ಎಲ್ಲೋ ನಾಯಿ?"

"ತುಟ್ಟಿಯಾಗಿದೆ ಸಾರ್," ಎಂದ ತಿಜಾನಿ, ರಕ್ತ ಉಗುಳಿ. "ಬ್ರೆಡ್ಡಿನ ಹಾಗೇ."

ಠಾಣೆಯಲ್ಲಿ ಉಗುರು ಕಿತ್ತು ಕೇಳಿದರು. ಉಪ್ಪುನೀರಿನಲ್ಲಿ ಅದ್ದಿ ಕೇಳಿದರು. ಅಂಗಡಿ ಜಾಲಾಡಿದವರಿಗೆ ಊರಿನ ಮದುವಣಗಿತ್ತಿಯರ ಹೊರತು ಯಾರೂ ಸಿಗಲಿಲ್ಲ. ಫೋಟೋ ಹಿಡಿದು ಒಳಗೆ ಹಾಕಲು ಈ ಸಲ ಒಬ್ಬನೂ ಇರಲಿಲ್ಲ. ಚಿಕ್ಕ ಕ್ಯಾಮೆರಾದ ರೀಲು ಇಂಜಿನ್ ಚಾಲಕನ ಊಟದ ಡಬ್ಬಿಯಲ್ಲಿ ರಾಜಧಾನಿಗೆ, ಅಲ್ಲಿಂದ ಹೊರದೇಶದ ಒಂದು ಪತ್ರಿಕೆಗೆ ಹೋಯಿತು. ಸಾಸಿ ಜಾರಿಬಿದ್ದು ಸತ್ತ ಎಂಬ ವರದಿಗೆ ಸಹಿ ಹಾಕಿದ್ದ ಕಮಿಷನರ್, ಬಂದೂಕಿಗೆ ಕೆನ್ನೆ ಕೊಟ್ಟು ಮುಖಪುಟದಲ್ಲಿ ಬಂದ. ಸರಕಾರ ಅವನನ್ನು ದೂರದ ಊರಿಗೆ ವರ್ಗ ಮಾಡಿತು, ಬಡ್ತಿ ಕೊಟ್ಟು. ನಮ್ಮ ಕಡೆ ನ್ಯಾಯ ಹೋದರೆ ಅಷ್ಟು ದೂರ ಹೋಗುತ್ತದೆ.

ತಿಜಾನಿಯನ್ನು ಬಿಟ್ಟಾಗ ಅವನ ದವಡೆಗೆ ತಂತಿ ಬಿಗಿದಿತ್ತು, ಎಡಗಣ್ಣು ಹೋಗಿತ್ತು. ನೋಡಲು ಬಂದವರು ಬಾಗಿಲವರೆಗೆ ನಿಂತಿದ್ದರು. ಕಡಲೆ ಸಾರಿನ ಬಟ್ಟಲು ಹಿಡಿದು ಮಬ್ರೂಕಾ ಹಾಸಿಗೆಯ ತಲೆಯ ಕಡೆ ಕೂತಿದ್ದಳು.

"ಒಂದು ಕಣ್ಣು ಅವರು ತಗೊಂಡ್ರು," ಎಂದಳು. "ಇನ್ನೊಂದನ್ನ ನಾನು ಮುಟ್ಟಲ್ಲ."

ಮೊಂಜಿಗೆ ಸಾರೂ ಕಾಣಲಿಲ್ಲ, ಗಾಯವೂ ಕಾಣಲಿಲ್ಲ. ಊರುಗೋಲು ಕುಟ್ಟುತ್ತಾ ಮುಂದೆ ಬಂದ.

"ಭಾವ, ರೀಲಿಲ್ಲದ ಡಬ್ಬಿ ಮುಂದೆ ಎರಡು ವರ್ಷ ನನ್ನನ್ನ ಎದೆಯುಬ್ಬಿಸಿ ನಿಲ್ಲಿಸಿದ್ಯಾ?"

ತಿಜಾನಿ ಹೌದೆಂದು ತಲೆಯಾಡಿಸಿದ.

"ಹೊಸ ಅಂಗಿ ಬೇರೆ ಹೊಲಿಸಿದ್ದೆ."

"ಅಂಗಿ ಚೆನ್ನಾಗಿತ್ತು," ಎಂದ ತಿಜಾನಿ, ತಂತಿಯ ಸಂದಿನಿಂದ.

"ನಗಬೇಡ. ಕಾಲು ಹೋಯ್ತು, ಕೆಲಸ ಹೋಯ್ತು, ನನ್ನ ಹತ್ರ ಒಂದು ಫೋಟೋನೂ ಇಲ್ಲ. ನಾನೂ ಅಲ್ಲಿದ್ದೆ ಅಂತ ನಾಳೆ ಮಕ್ಕಳಿಗೆ ಏನು ತೋರಿಸ್ಲಿ?"

ತಿಜಾನಿ ಉಳಿದ ಕಣ್ಣಿನಿಂದ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಿನ್ನನ್ನೇ ತೋರಿಸು. ಫೋಟೋ ಇದ್ದಿದ್ರೆ ಮಕ್ಕಳಿಗೆ ಅದೊಂದೇ ಉಳೀತಿತ್ತು."